ಅಂಗಡಿಗೆ ಫೋನ್ ವಾಪಸ್ ಕೊಟ್ಟಿದ್ದು ಹೀಗೆ

ಅಂಕೋಲೆಯಲ್ಲಿ ತಹಸೀಲ್ದಾರ್ ಕಚೇರಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಬೋರ್ಡಿನ ಮೇಲೆ ಜೆರಾಕ್ಸ್ ಅಂತ ಇದ್ದರೂ ದಿನವಿಡೀ ಮಾಡುವುದು ಅರ್ಜಿ ತುಂಬುವ ಕೆಲಸ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್ ತಿದ್ದುಪಡಿ, ಮಕ್ಕಳ ಸ್ಕಾಲರ್‌ಶಿಪ್, ಹೀಗೆ. ಈ ಕೆಲಸಕ್ಕೆ ಫೋನ್ ಬೇಕೇ ಬೇಕು. ಒಟಿಪಿ ಬರುವುದು ಅದಕ್ಕೆ, ಗಿರಾಕಿಗಳು ಪಿಡಿಎಫ್ ಕಳಿಸುವುದು ಅದಕ್ಕೆ, ದುಡ್ಡು ಬಂತೋ ಇಲ್ಲವೋ ಅಂತ ನೋಡುವುದೂ ಅದರಲ್ಲೇ. ಕಾರವಾರ ಪೇಟೆಯ ಒಂದು ದೊಡ್ಡ ಅಂಗಡಿಯಲ್ಲಿ ಹದಿನೆಂಟು ಸಾವಿರ ಚಿಲ್ಲರೆ ಕೊಟ್ಟು ತಂದ ಹೊಸ ಫೋನು ಮೊದಲ ವಾರದಲ್ಲೇ ತನ್ನಷ್ಟಕ್ಕೆ ತಾನೇ ಆಫ್ ಆಗಿ ಆನ್ ಆಗಲು ಶುರು ಮಾಡಿತು. ಅದೂ ಒಟಿಪಿ ಬರುವ ಹೊತ್ತಿಗೇ.

ಅದನ್ನು ವಾಪಸ್ ಕೊಟ್ಟು ಬಿಲ್ಲಿನ ಪೂರ್ತಿ ಹಣ ತಗೊಂಡೆ. ಸ್ವಲ್ಪ ಸಮಯ ಹಿಡಿಯಿತು, ಆದರೆ ಒಂದು ದಿನವೂ ಅಂಗಡಿಯ ಮುಂದೆ ನಿಂತು ಕೂಗಾಡಲಿಲ್ಲ. ಈಗ ಅರ್ಜಿ ಬರೆಸಲು ಬರುವವರು "ಅಣ್ಣಾ, ನಮ್ಮನೇದೂ ಹಾಗೇ ಆಗಿದೆ, ನೀವು ಹೆಂಗೆ ಮಾಡಿದ್ರಿ?" ಅಂತ ಕೇಳುತ್ತಾರೆ. ಬಾಯಲ್ಲಿ ಹೇಳಿದ್ದು ಮನೆ ಮುಟ್ಟುವಷ್ಟರಲ್ಲಿ ಮರೆತುಹೋಗುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ, ಬೇಜಾರು ಮಾಡ್ಕೋಬೇಡಿ. ಬಣ್ಣ ಹಿಡಿಸಲಿಲ್ಲ, ಕ್ಯಾಮೆರಾ ಅಂದುಕೊಂಡಷ್ಟು ಚೆನ್ನಾಗಿಲ್ಲ, ಭಾವ ಅದೇ ಫೋನನ್ನು ಎರಡು ಸಾವಿರ ಕಡಿಮೆಗೆ ತಂದ: ಇಂಥ ಕಾರಣಕ್ಕೆಲ್ಲ ಅಂಗಡಿಯವನು ಫೋನ್ ವಾಪಸ್ ತಗೊಳ್ಳಲೇಬೇಕು ಅನ್ನುವ ಕಾನೂನು ನಮ್ಮಲ್ಲಿ ಇಲ್ಲ. ಆನ್‌ಲೈನ್‌ನಲ್ಲಿ ಕೊಂಡರೆ ಏಳು ದಿನ, ಹತ್ತು ದಿನ ಅಂತ ಇರುತ್ತದಲ್ಲ, ಅದು ಆ ಮಾರಾಟಗಾರರು ಗಿರಾಕಿ ಬರಲಿ ಅಂತ ತಾವೇ ಇಟ್ಟುಕೊಂಡ ನಿಯಮ. ಕಾರವಾರದ ಅಂಗಡಿಗೆ ಅದು ಅನ್ವಯ ಆಗುವುದಿಲ್ಲ. ಅಂಗಡಿಯವನು ಖುಷಿಯಿಂದ ಬದಲಿಸಿಕೊಟ್ಟರೆ ಅದು ಅವನ ಒಳ್ಳೆಯತನ.

ಫೋನಿನಲ್ಲಿ ದೋಷ ಇದ್ದರೆ ಮಾತ್ರ ಲೆಕ್ಕವೇ ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರ 2ನೇ ಕಲಂನ 47ನೇ ಉಪಕಲಂ ಅನುಚಿತ ವ್ಯಾಪಾರ ಪದ್ಧತಿ ಅಂದರೆ ಏನು ಅಂತ ಪಟ್ಟಿ ಕೊಡುತ್ತದೆ. ಬಿಲ್ ಕೊಡದಿರುವುದು ಆ ಪಟ್ಟಿಯಲ್ಲಿದೆ. ದೋಷ ಇರುವ ಮಾಲನ್ನು ವಾಪಸ್ ತಗೊಂಡು ಹಣ ಕೊಡಲು ಒಪ್ಪದಿರುವುದೂ ಇದೆ. ಎಷ್ಟು ದಿನದೊಳಗೆ? ಬಿಲ್ಲಿನಲ್ಲಿ ಅವಧಿ ಬರೆದಿದ್ದರೆ ಅಷ್ಟರೊಳಗೆ, ಬರೆಯದೇ ಇದ್ದರೆ 30 ದಿನದೊಳಗೆ.

ಬಿಲ್ ತಗೊಂಡ ಕೂಡಲೇ ಕೆಳಗಿನ ಸಣ್ಣ ಅಕ್ಷರ ಓದಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ನನ್ನ ಬಿಲ್ಲಿನಲ್ಲಿ "ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ" ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಇಷ್ಟೇ ದಿನ ಅಂತ ಎಲ್ಲೂ ಇರಲಿಲ್ಲ. ಅಂದರೆ ನನಗೆ 30 ದಿನ ಇತ್ತು. ಆ ಅಚ್ಚಾದ ಸಾಲು ನೋಡಿ ಅರ್ಧಕ್ಕರ್ಧ ಜನ ಅಲ್ಲಿಂದಲೇ ತಿರುಗಿ ಮನೆಗೆ ಬರುತ್ತಾರೆ. ಬರಬೇಕಾಗಿಲ್ಲ. ದೋಷದ ಮಾಲಿನ ವಿಷಯದಲ್ಲಿ ಆ ಸಾಲು ನಡೆಯುವುದಿಲ್ಲ ಅಂತ ಗ್ರಾಹಕ ಆಯೋಗಗಳು ಎಷ್ಟೋ ಸಲ ಹೇಳಿವೆ. ಅಂಗಡಿಯವನು ಬಿಲ್ ಬುಕ್ಕಿನಲ್ಲಿ ಏನು ಅಚ್ಚು ಹಾಕಿಸಿಕೊಂಡರೂ ಕಾಯ್ದೆಯನ್ನು ಅಳಿಸಲು ಆಗುವುದಿಲ್ಲ, ಅಲ್ವಾ?

ಬಿಲ್ಲಿನಲ್ಲಿ ನೋಡಬೇಕಾದ್ದು ಇನ್ನೂ ಒಂದಿದೆ, ಐಎಂಇಐ ನಂಬರ್, ಅಂದರೆ ಪ್ರತಿ ಫೋನಿಗೂ ಬೇರೆ ಬೇರೆ ಇರುವ ಗುರುತಿನ ನಂಬರ್. ಹದಿನೈದು ಅಂಕಿಯದು. ಫೋನಿನಲ್ಲಿ *#06# ಒತ್ತಿದರೆ ಪರದೆ ಮೇಲೆ ಬರುತ್ತದೆ. ಅದು, ಬಾಕ್ಸಿನ ಮೇಲಿನದು, ಬಿಲ್ಲಿನ ಮೇಲಿನದು ಮೂರೂ ಒಂದೇ ಇರಬೇಕು. ಬಿಲ್ಲಿನಲ್ಲಿ ಬರೀ ಮಾಡೆಲ್ ಹೆಸರು ಇದ್ದರೆ "ಇದು ನಮ್ಮಲ್ಲಿ ಕೊಂಡ ಪೀಸೇ ಅಲ್ಲ" ಅಂತ ಮುಂದೆ ಹೇಳಲು ಅವರಿಗೆ ದಾರಿ ಸಿಗುತ್ತದೆ.

ಅಂಗಡಿಗೆ ಹೋದೆ. ಕೌಂಟರಿನ ಹುಡುಗ ಒಳ್ಳೆಯವನೇ. ಫೋನ್ ಕೈಯಲ್ಲಿ ಹಿಡಿದು ಎರಡು ನಿಮಿಷ ಆಚೀಚೆ ಉಜ್ಜಿದ.

"ಸರಿಯಾಗಿ ಉಂಟಲ್ಲ ಸರ್."

"ಈಗ ಸರಿ ಉಂಟು. ದಿನಕ್ಕೆ ಐದಾರು ಸಲ ಆಫ್ ಆಗ್ತದೆ."

"ಅದು ಸಾಫ್ಟ್‌ವೇರ್ ಸರ್. ಅಪ್‌ಡೇಟ್ ಕೊಡಿ, ಸರಿ ಆಗ್ತದೆ. ಇಲ್ಲಾಂದ್ರೆ ಸರ್ವಿಸ್ ಸೆಂಟರಿಗೆ ತೋರ್ಸಿ. ನಾವು ಬರೀ ಮಾರೋರು ಸರ್, ಗ್ಯಾರಂಟಿ ಎಲ್ಲ ಕಂಪನಿದು."

"ನಾವು ಬರೀ ಮಾರೋರು." ಈ ಮಾತು ನೀವು ಯಾವ ಊರಿನ ಯಾವ ಅಂಗಡಿಗೆ ಹೋದರೂ ಕೇಳುತ್ತೀರಿ. ಕೇಳಲು ಸರಿ ಅನ್ನಿಸುತ್ತದೆ. ಆದರೆ ನಾನು ಹಣ ಕೊಟ್ಟಿದ್ದು ಅಂಗಡಿಗೆ, ಬಿಲ್ ಕೊಟ್ಟಿದ್ದೂ ಅಂಗಡಿಯೇ. 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಂ ಪ್ರಕಾರ, ಒಂದು ಬಗೆಯ ಮಾಲನ್ನು ಮಾರುವುದೇ ಕಸುಬಾಗಿರುವವನು ಮಾರಿದ ಮಾಲು ಮಾರಾಟಕ್ಕೆ ಯೋಗ್ಯ ಗುಣಮಟ್ಟದ್ದಾಗಿರಬೇಕು. ಕಂಪನಿಯ ವಾರಂಟಿ ಇದರ ಜೊತೆಗೆ ಬರುವ ಇನ್ನೊಂದು ಭರವಸೆ. ವಾರಂಟಿ ಇದೆ ಅಂತ ಅಂಗಡಿಯವನ ಹೊಣೆ ತಪ್ಪುವುದಿಲ್ಲ.

ಆದರೂ ಆ ಹುಡುಗನ ಕಷ್ಟ ನನಗೆ ಅರ್ಥವಾಗುತ್ತದೆ. ಅಂಗಡಿಯವನು ಫೋನ್ ವಾಪಸ್ ತಗೊಂಡರೆ ಅದನ್ನು ಡಿಸ್ಟ್ರಿಬ್ಯೂಟರಿಗೆ ದಾಟಿಸಬೇಕು. ಸರ್ವಿಸ್ ಸೆಂಟರಿನಿಂದ "ಪೀಸ್ ಕೆಟ್ಟಿದೆ" ಅನ್ನುವ ಕಾಗದ ಇಲ್ಲದಿದ್ದರೆ ಡಿಸ್ಟ್ರಿಬ್ಯೂಟರ್ ಮುಟ್ಟುವುದಿಲ್ಲ. ಆಗ ನಷ್ಟ ಅಂಗಡಿಯ ತಲೆಗೆ. ಅಂದರೆ ಜಗಳ ಇರುವುದು ಆ ನಷ್ಟ ಯಾರು ಹೊರಬೇಕು ಅನ್ನುವುದರಲ್ಲಿ. ಅವರವರೊಳಗಿನ ಲೆಕ್ಕ ಅದು, ನಡುವೆ ಸಿಕ್ಕಿಹಾಕಿಕೊಳ್ಳುವುದು ನಾವು. ಇದು ಗೊತ್ತಿದ್ದರೆ ಕೌಂಟರಿನಲ್ಲಿ ಕೂಗಾಡಿ ಪ್ರಯೋಜನ ಇಲ್ಲ ಅನ್ನುವುದೂ ಗೊತ್ತಾಗುತ್ತದೆ. ಆ ಕಾಗದ ಹುಟ್ಟಿಸಬೇಕು.

ಹೊಸ ಫೋನ್ ಮೊದಲ ದಿನಗಳಲ್ಲೇ ಕೆಟ್ಟರೆ ಹೆಚ್ಚಿನ ಕಂಪನಿಗಳಲ್ಲಿ ಡಿಒಎ ಅಂತ ಒಂದು ಪದ್ಧತಿ ಇದೆ. ಬರುವಾಗಲೇ ಕೆಟ್ಟದ್ದು ಅಂತ ಸರ್ವಿಸ್ ಸೆಂಟರಿನವರು ಬರೆದುಕೊಡುತ್ತಾರೆ, ಅಂಗಡಿಯವರು ಬದಲಿಸಿಕೊಡುತ್ತಾರೆ. ಅವಧಿ ಕಂಪನಿಯಿಂದ ಕಂಪನಿಗೆ ಬೇರೆ, ಆದರೆ ಎಲ್ಲೂ ಜಾಸ್ತಿ ದಿನ ಇರುವುದಿಲ್ಲ. ಅಪ್‌ಡೇಟ್ ಕೊಟ್ಟು ನೋಡಿ, ಇನ್ನೊಂದು ವಾರ ಬಿಟ್ಟು ಬನ್ನಿ ಅಂತ ಅಂಗಡಿಯವರು ಹೇಳುವುದನ್ನು ಕೇಳಿ ಸುಮ್ನೆ ಕೂತರೆ ಆ ಅವಧಿ ಮುಗಿದೇ ಹೋಗುತ್ತದೆ.

ಆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ನನಗೆ ಹತ್ತಿರದ್ದು ಅಂದರೆ ಹುಬ್ಬಳ್ಳಿಯದು. ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ ದಾಟಿ ಹೋಗಬೇಕು. "ಇಲ್ಲೇ ಕೊಟ್ಟುಹೋಗಿ, ನಾವೇ ಕಳಿಸ್ತೇವೆ" ಅಂತ ಅಂಗಡಿಯವರು ಹೇಳಿದರು. ನಾನು ಕೊಡಲಿಲ್ಲ. ಅವರು ಕಳಿಸಿದರೆ ಸರ್ವಿಸ್ ಸೆಂಟರಿನಲ್ಲಿ ಬರೆಸುವುದು ಅವರ ಹೆಸರಿನಲ್ಲಿ, ಅವರ ಮಾತಿನಲ್ಲಿ. "ಫೋನ್ ಸ್ಲೋ" ಅಂತ ಬರೆಸಿದರೆ ಮುಗಿಯಿತು, ಅಪ್‌ಡೇಟ್ ಹಾಕಿ ವಾಪಸ್ ಬರುತ್ತದೆ. ದೂರದವರಿಗೆ ಬೇರೆ ದಾರಿ ಇಲ್ಲದಿದ್ದರೆ ಕೊಡಲಿ, ಆದರೆ ಏನು ತೊಂದರೆ, ಯಾವ ತಾರೀಕಿಗೆ ಕೊಟ್ಟಿದ್ದು, ಐಎಂಇಐ ಎಷ್ಟು ಅಂತ ಬರೆಸಿ, ಅಂಗಡಿಯ ಸೀಲು-ಸಹಿ ಹಾಕಿಸಿಕೊಂಡೇ ಕೊಡಬೇಕು.

ಹೋಗುವ ಮುಂಚೆ ಮನೆಯಲ್ಲಿ ಒಂದು ಕೆಲಸ ಮಾಡಿಕೊಂಡಿದ್ದೆ. ಆಗೊಮ್ಮೆ ಈಗೊಮ್ಮೆ ಬರುವ ದೋಷಕ್ಕೆ ದೊಡ್ಡ ತೊಂದರೆ ಎಂದರೆ ಅದು ಅವರ ಎದುರಿಗೆ ಬರುವುದಿಲ್ಲ. ಹಾಗಾಗಿ ಹೆಂಡತಿಯ ಫೋನನ್ನು ಸ್ಟ್ಯಾಂಡಿಗೆ ಹಾಕಿ, ನನ್ನ ಫೋನನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಅವತ್ತಿನ ಪೇಪರ್ ಇಟ್ಟು ವಿಡಿಯೋ ಮಾಡಿದೆ. ಮೊದಲು *#06# ಒತ್ತಿ ನಂಬರ್ ತೋರಿಸಿ, ಆಮೇಲೆ ಎಂದಿನ ಹಾಗೆ ಬಳಸುತ್ತಾ ಹೋಗುವುದು. ಪರದೆ ಒಂದು ಕ್ಷಣ ಗಟ್ಟಿಯಾಗಿ ನಿಂತು, ಕಪ್ಪಾಗಿ, ಕಂಪನಿಯ ಹೆಸರು ಮೂಡುವವರೆಗೆ ಎಲ್ಲ ಅದರಲ್ಲಿ ಬಂತು. ನಡುವೆ ಕತ್ತರಿಸಿಲ್ಲ. ಬೇರೆ ಬೇರೆ ದಿನ ಹೀಗೆ ಮಾಡಿಟ್ಟುಕೊಂಡೆ.

ಇನ್ನು ಜಾಬ್ ಶೀಟ್, ಅಂದರೆ ಫೋನ್ ಒಪ್ಪಿಸುವಾಗ ಏನು ತೊಂದರೆ ಅಂತ ಸರ್ವಿಸ್ ಸೆಂಟರಿನವರು ಬರೆದುಕೊಡುವ ಹಾಳೆ. ಇಡೀ ಕೆಲಸದಲ್ಲಿ ನನ್ನ ಕೈ ಹಿಡಿದದ್ದು ಇದೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸರ್ವಿಸ್ ಸೆಂಟರಿನಲ್ಲಿ ಟೋಕನ್ ತಗೊಂಡು ಕೂತರೆ ಕರೆಯುತ್ತಾರೆ. ಕಂಪ್ಯೂಟರಿನ ಮುಂದೆ ಕೂತವರು ಐಎಂಇಐ ಹಾಕಿ, ಏನು ತೊಂದರೆ ಅಂತ ಕೇಳಿ, ತಯಾರಿರುವ ಪಟ್ಟಿಯಿಂದ ಒಂದನ್ನು ಆರಿಸುತ್ತಾರೆ. ನನಗೆ ಆರಿಸಿದ್ದು "ಹ್ಯಾಂಗ್" ಅಂತ. ನಾನು ಬಗ್ಗಿ ಪರದೆ ನೋಡಿದೆ. "ಮೇಡಂ, ಹ್ಯಾಂಗ್ ಅಲ್ಲ. ತಾನಾಗೇ ರೀಸ್ಟಾರ್ಟ್ ಆಗ್ತದೆ ಅಂತ ಹಾಕಿ. ಕೊಂಡ ತಾರೀಕೂ ಹಾಕಿ" ಅಂದೆ. ರಿಮಾರ್ಕ್ಸ್ ಅಂತ ಖಾಲಿ ಜಾಗ ಇತ್ತು, ಅಲ್ಲಿ ಟೈಪ್ ಮಾಡಿದರು. ಮುಖ ಸ್ವಲ್ಪ ಸಿಂಡರಿಸಿತು, ಪರವಾಗಿಲ್ಲ. ನನ್ನ ಅಂಗಡಿಯಲ್ಲೂ ಅಪ್ಪನ ಹೆಸರಿನಲ್ಲಿ ಒಂದಕ್ಷರ ತಪ್ಪಾದರೆ ಮಗನ ಸ್ಕಾಲರ್‌ಶಿಪ್ಪೇ ನಿಲ್ಲುತ್ತದೆ.

ಫೋನಿನ ಹೊರಗಿನ ಸ್ಥಿತಿ ಏನು ಅಂತ ಅದೇ ಹಾಳೆಯಲ್ಲಿ ಬರೆಯುತ್ತಾರೆ. ನಮ್ಮ ಕರಾವಳಿಯವರು ಹುಷಾರಾಗಿರಬೇಕಾದದ್ದು ಇಲ್ಲಿ. ಫೋನಿನ ಒಳಗೆ ನೀರು ತಾಗಿದರೆ ಬಣ್ಣ ಬದಲಿಸುವ ಸಣ್ಣ ಸ್ಟಿಕ್ಕರ್ ಇರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಸಿಮ್ ಟ್ರೇ ಎಳೆದು ಬೆಳಕಿಗೆ ಹಿಡಿದರೆ ಅದು ಕಾಣುತ್ತದೆ. ಒಣಗಿದ್ದರೆ ಬಿಳಿ, ನೀರು ತಾಗಿದ್ದರೆ ಕೆಂಪು. ಕೆಂಪಾಯಿತು ಅಂದರೆ ವಾರಂಟಿ ಇಲ್ಲ ಅನ್ನುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಂಕೋಲೆ-ಕಾರವಾರದಲ್ಲಿ ಗೋಡೆಯೇ ಬೆವರುತ್ತದೆ, ಇನ್ನು ಫೋನ್ ಏನು ಮಹಾ! ಮಳೆಗಾಲದಲ್ಲಿ ಫೋನ್ ಒಪ್ಪಿಸಿ ಬಂದ ಮೇಲೆ "ಒಳಗೆ ತೇವ ಹೋಗಿದೆ" ಅಂತ ಫೋನ್ ಬಂದರೆ ವಾದ ಮಾಡಲು ನಿಮ್ಮ ಹತ್ತಿರ ಏನೂ ಉಳಿದಿರುವುದಿಲ್ಲ.

ಹಾಗಾಗಿ ಒಪ್ಪಿಸುವಾಗಲೇ ಎಂಜಿನಿಯರ್ ಹುಡುಗನನ್ನು ಕರೆಸಿದೆ. ಪಿನ್ ಚುಚ್ಚಿ ಟ್ರೇ ತೆಗೆದು, ಟಾರ್ಚ್ ಹಾಕಿ ನೋಡಿದ. ಒಳಗಿನ ಚುಕ್ಕೆ ಅನ್ನದ ಅಗುಳಿಗಿಂತ ಸಣ್ಣದು. ಬೆಳ್ಳಗೇ ಇತ್ತು. "ಬೆಳ್ಳಗಿದೆ ಅಲ್ವಾ ತಮ್ಮಾ? ಹಾಗೇ ಬರೆದುಬಿಡು" ಅಂದೆ. ನೀರು ತಾಗಿಲ್ಲ, ಗೀರಿಲ್ಲ, ಡೆಂಟ್ ಇಲ್ಲ ಅಂತ ಹಾಳೆಯ ಮೇಲೆ ಬಂತು. ಆ ಒಂದು ಸಾಲು ಮುಂದೆ ಎಲ್ಲ ಕಡೆ ನನ್ನ ಜೊತೆ ನಿಂತಿತು.

ಮೊದಲ ಸಲ ಸಾಫ್ಟ್‌ವೇರ್ ಹಾಕಿ ಕೊಟ್ಟರು. "ದೋಷ ಕಂಡುಬಂದಿಲ್ಲ" ಅಂತ ಬರೆದಿದ್ದರು. ನಾನು ತಗೊಳ್ಳುವಾಗ ಸಹಿಯ ಪಕ್ಕ "ವಿಡಿಯೋ ತೋರಿಸಿದ್ದೇನೆ, ಪರೀಕ್ಷೆಗಾಗಿ ಪಡೆಯುತ್ತಿದ್ದೇನೆ" ಅಂತ ಕೈಯಲ್ಲಿ ಬರೆದೆ. ಸಹಿ ಹಾಕುವ ಹಾಳೆಯಲ್ಲಿ "ನನಗೆ ತೃಪ್ತಿಯಾಗಿದೆ" ಅನ್ನುವ ಸಾಲು ಮೊದಲೇ ಅಚ್ಚಾಗಿರುತ್ತದೆ. ಓದದೆ ಸಹಿ ಹಾಕಿದರೆ ನಾವೇ ತೃಪ್ತರಾದ ಹಾಗೆ. ಊರಿಗೆ ಬರುವಷ್ಟರಲ್ಲಿ ಘಟ್ಟದ ಮೇಲೇ ಫೋನ್ ಮತ್ತೆ ಆಫ್ ಆಯಿತು.

ಎರಡನೇ ಸಲ ಮದರ್‌ಬೋರ್ಡ್ ಬದಲಿಸಬೇಕು ಅಂದರು. ಇಲ್ಲಿ ನನಗೆ ಬೇಕಾದ ಕಾಗದ ಸಿಕ್ಕಿತು. ಮದರ್‌ಬೋರ್ಡ್ ಕೆಟ್ಟಿದೆ ಅಂತ ಕಂಪನಿಯ ಅಧಿಕೃತ ಕೇಂದ್ರವೇ ಬರೆದ ಮೇಲೆ ದೋಷ ಇಲ್ಲ ಅನ್ನಲು ಯಾರಿಗೂ ಬಾಯಿಲ್ಲ. ರಿಪೇರಿಗೆ ನಾನು ಒಪ್ಪಲಿಲ್ಲ. ಫೋನ್ ಹಾಗೇ ವಾಪಸ್ ತಗೊಂಡೆ. ಕೊಂಡ ಎಂಟು ತಿಂಗಳಿಗೆ ಹೀಗಾಗಿದ್ದರೆ ನಾನೂ ಮದರ್‌ಬೋರ್ಡ್ ಹಾಕಿಸಿಕೊಂಡು ಸುಮ್ಮನಾಗುತ್ತಿದ್ದೆ, ಆಗ ಅದೇ ಸರಿಯಾದ ದಾರಿ. ಹೊಸದಕ್ಕೆ ಹೊಸದರ ದುಡ್ಡು ಕೊಟ್ಟು, ತಿಂಗಳೊಳಗೆ ಹೊಟ್ಟೆ ಬಗೆದ ಫೋನ್ ಯಾಕೆ ತಗೊಳ್ಳಬೇಕು? ನನ್ನ ಅಭಿಪ್ರಾಯ ಇದು. ರಿಪೇರಿ ಸಾಕು ಅನ್ನುವವರೂ ಇರುತ್ತಾರೆ.

ಅಲ್ಲಿಂದ ಬಂದವನೇ ಅಂಗಡಿಗೆ ಪತ್ರ ಬರೆದೆ. 30 ದಿನ ಇನ್ನೂ ಮುಗಿದಿರಲಿಲ್ಲ, ಅದು ಮುಖ್ಯ. ಬಾಯಲ್ಲಿ ಎಷ್ಟು ಸಲ ಕೇಳಿದರೂ ಲೆಕ್ಕಕ್ಕಿಲ್ಲ. ಪತ್ರ ಹೀಗಿತ್ತು:

"ಇಂಥ ತಾರೀಕಿಗೆ, ಇಂಥ ನಂಬರಿನ ಬಿಲ್ಲಿನಲ್ಲಿ ನಿಮ್ಮ ಅಂಗಡಿಯಿಂದ ಈ ಮಾಡೆಲಿನ, ಈ ಐಎಂಇಐ ನಂಬರಿನ ಫೋನ್ ಖರೀದಿಸಿದ್ದೇನೆ. ಕೊಂಡ ಮೊದಲ ವಾರದಿಂದಲೇ ಫೋನ್ ತಾನಾಗಿ ರೀಸ್ಟಾರ್ಟ್ ಆಗುತ್ತಿದೆ. ಅಧಿಕೃತ ಸರ್ವಿಸ್ ಸೆಂಟರಿನವರು ಮದರ್‌ಬೋರ್ಡ್ ದೋಷ ಎಂದು ಬರೆದುಕೊಟ್ಟಿದ್ದಾರೆ. ಎರಡೂ ಜಾಬ್ ಶೀಟ್ ಪ್ರತಿ ಲಗತ್ತಿಸಿದೆ. ಫೋನನ್ನು ಬಾಕ್ಸ್ ಮತ್ತು ಬಿಡಿಭಾಗಗಳ ಸಮೇತ ಮರಳಿಸಲು ತಯಾರಿದ್ದೇನೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಕಲಂ 2(47)ರಂತೆ ದೋಷಯುಕ್ತ ಸರಕನ್ನು ಹಿಂಪಡೆದು ಹಣ ಮರಳಿಸಬೇಕು. ಈ ಪತ್ರ ತಲುಪಿದ 15 ದಿನದೊಳಗೆ ಉತ್ತರಿಸದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ."

ಅಷ್ಟೇ. ಬೈಗುಳ ಇಲ್ಲ, "ನಿಮ್ಮ ಅಂಗಡಿ ಮುಚ್ಚಿಸುತ್ತೇನೆ" ಇಲ್ಲ. ಅರ್ಜಿ ಬರೆಯುವ ಕಸುಬಿನಲ್ಲಿ ನಾನು ಕಲಿತದ್ದು, ಸಿಟ್ಟು ಜಾಸ್ತಿ ಇದ್ದಷ್ಟೂ ವಿಷಯ ಕಡಿಮೆ ಇರುತ್ತದೆ. ಒಂದು ಪ್ರತಿ ಅಂಗಡಿಗೆ, ಒಂದು ಕಂಪನಿಗೆ. ಕಂಪನಿಯ ವಿಳಾಸ ಎಲ್ಲಿಂದ ತರುವುದು ಅಂತ ಕೇಳುತ್ತಾರೆ. ಬಾಕ್ಸ್ ತಿರುಗಿಸಿ ನೋಡಿ. ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ದೂರಿಗೆ ಸಂಪರ್ಕಿಸುವ ನಂಬರ್ ಅದರ ಮೇಲೆ ಇರಲೇಬೇಕು ಅಂತ 2011ರ ಪೊಟ್ಟಣ ಸರಕುಗಳ ನಿಯಮ ಹೇಳುತ್ತದೆ. ಅದಕ್ಕೇ ಬಾಕ್ಸ್ ಬಿಸಾಡಬೇಡಿ.

ನಾನು ಕಳಿಸುವಾಗ ರಿಜಿಸ್ಟರ್ಡ್ ಎಡಿ ಇತ್ತು, ತಲುಪಿದ್ದಕ್ಕೆ ಸಹಿಯ ಕಾರ್ಡ್ ವಾಪಸ್ ಬರುವ ಅಂಚೆ. 2025ರಲ್ಲಿ ಅಂಚೆ ಇಲಾಖೆ ಅದನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿಬಿಟ್ಟಿದೆ. ಈಗ ಕಳಿಸುವವರು ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ್ದಕ್ಕೆ ಪುರಾವೆ ಬೇಕು ಅಂತ ಕೌಂಟರಿನಲ್ಲೇ ಕೇಳಿ. ರಸೀದಿಯ ಜೆರಾಕ್ಸ್ ತೆಗೆದಿಡಿ. ಅದರ ಅಚ್ಚು ಕೆಲವು ತಿಂಗಳಲ್ಲಿ ಮಾಸಿ ಬೆಳ್ಳಗಾಗುತ್ತದೆ. ಬಿಲ್ಲಿನದ್ದೂ ಇದೇ ಕಥೆ. ಜೆರಾಕ್ಸ್ ಅಂಗಡಿಯವನು ವ್ಯಾಪಾರಕ್ಕೆ ಹೇಳುತ್ತಿದ್ದಾನೆ ಅಂದುಕೊಳ್ಳಬೇಡಿ, ಮೊಬೈಲಿನಲ್ಲಿ ಫೋಟೋ ತೆಗೆದರೂ ಸಾಕು.

ಅಂಗಡಿಯಿಂದ ಉತ್ತರ ಬರಲಿಲ್ಲ, ಫೋನ್ ಕರೆ ಬಂತು. ಅದೇ ಮಾಡೆಲ್ ಬೇರೆ ಪೀಸ್ ಕೊಡ್ತೇವೆ, ಸ್ವಲ್ಪ ದಿನ ಕಾಯಿರಿ ಅಂತ. ಬರವಣಿಗೆಯಲ್ಲಿ ಕೊಡಿ ಅಂದೆ. ಆಮೇಲೆ ಸದ್ದಿಲ್ಲ. ಆಗ 1915ಕ್ಕೆ ಕರೆ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡೇನೂ ಇಲ್ಲ. ದೂರಿಗೆ ಒಂದು ನಂಬರ್ ಕೊಟ್ಟು ಅದನ್ನು ಕಂಪನಿಗೆ ದಾಟಿಸುತ್ತಾರೆ. ಎಷ್ಟೋ ಜನರದ್ದು ಇಲ್ಲಿಗೇ ಮುಗಿಯುತ್ತದೆ, ಮೊದಲು ಇದನ್ನೇ ಮಾಡಿ. ಆದರೆ ಸಹಾಯವಾಣಿಗೆ ಆದೇಶ ಮಾಡುವ ಅಧಿಕಾರ ಇಲ್ಲ. ನನಗೆ ಬಂದ ಉತ್ತರ "ವಾರಂಟಿಯಲ್ಲಿ ಉಚಿತ ರಿಪೇರಿ ಮಾಡಿಕೊಡುತ್ತೇವೆ" ಅನ್ನುವುದು. ಅದನ್ನೂ ಪ್ರಿಂಟ್ ತೆಗೆದು ಫೈಲಿಗೆ ಹಾಕಿದೆ, ದೋಷ ಇದೆ ಅಂತ ಕಂಪನಿಯೇ ಒಪ್ಪಿದ ಹಾಗಾಯಿತಲ್ಲ.

ಕೊನೆಗೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ನಮ್ಮ ಜಿಲ್ಲೆಯದು ಕಾರವಾರದಲ್ಲಿದೆ. ಕೋರ್ಟು ಅಂದರೆ ಜನ ಹೆದರುತ್ತಾರೆ. ಹೆದರುವಂಥದ್ದು ಜಾಸ್ತಿ ಏನಿಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ತೊಂದರೆ ಶುರುವಾದಾಗಿನಿಂದ ಎರಡು ವರ್ಷದೊಳಗೆ ದೂರು ಕೊಡಬಹುದು. ಇನ್ನೊಂದು ನಮ್ಮ ಜಿಲ್ಲೆಯವರಿಗೆ ಬಹಳ ಉಪಯೋಗದ್ದು: ಹೊಸ ಕಾಯ್ದೆಯಲ್ಲಿ ಗ್ರಾಹಕ ತಾನು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾರವಾರ, ಸದಾಶಿವಗಡದವರು ಮಡಗಾಂವ್‌ಗೆ ಹೋಗಿ ಫೋನ್ ತರುತ್ತಾರೆ, ಶಿರಸಿ-ಯಲ್ಲಾಪುರದವರು ಹುಬ್ಬಳ್ಳಿಗೆ ಹೋಗುತ್ತಾರೆ. ಎಲ್ಲಿ ಕೊಂಡರೂ ದೂರು ಕಾರವಾರದಲ್ಲೇ ಹಾಕಬಹುದು. ಗೋವಾಕ್ಕೆ ಅಲೆಯಬೇಕಾಗಿಲ್ಲ.

ನಾನು ಆನ್‌ಲೈನಿನಲ್ಲೇ ಸಲ್ಲಿಸಿದೆ, ನನಗೆ ಅದೇ ಕಸುಬು. ಆಗ ಅದಕ್ಕೆ ಇ-ದಾಖಿಲ್ ಅಂತ ವೆಬ್‌ಸೈಟ್ ಇತ್ತು. 2025ರ ಜನವರಿ 1ರಿಂದ ಇ-ಜಾಗೃತಿ ಅನ್ನುವುದು ಬಂದಿದೆ. ದೂರನ್ನು ಕನ್ನಡದಲ್ಲೇ ಬರೆದೆ. ಎದುರುದಾರರು ಮೂವರು: ಅಂಗಡಿ, ಸರ್ವಿಸ್ ಸೆಂಟರ್, ಬಾಕ್ಸಿನ ಮೇಲಿದ್ದ ಕಂಪನಿ. ಅಂಗಡಿ ಒಂದನ್ನೇ ಹಾಕಿದರೆ ಕಂಪನಿಯ ಕಡೆ ಕೈ ತೋರಿಸುತ್ತಾರೆ, ಕಂಪನಿ ಒಂದನ್ನೇ ಹಾಕಿದರೆ ಅವರು ಅಂಗಡಿಯ ಕಡೆ. ಮೂವರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದರೆ ತಮ್ಮೊಳಗೇ ಮಾತಾಡಿಕೊಳ್ಳುತ್ತಾರೆ. ಜೊತೆಗೆ ನೋಟರಿ ಮಾಡಿಸಿದ ಅಫಿಡವಿಟ್, ಬಿಲ್, ಜಾಬ್ ಶೀಟ್, ಪತ್ರ, ಅಂಚೆ ರಸೀದಿ, ಹುಬ್ಬಳ್ಳಿಯ ಬಸ್ ಟಿಕೆಟ್. ಕೇಳಿದ್ದು ಬಿಲ್ಲಿನ ಹಣ, ಓಡಾಟದ ಖರ್ಚು, ಸ್ವಲ್ಪ ಪರಿಹಾರ. ಹದಿನೆಂಟು ಸಾವಿರದ ಫೋನಿಗೆ ಐದು ಲಕ್ಷ ಮಾನಸಿಕ ಹಿಂಸೆ ಅಂತ ಬರೆಯುವವರನ್ನು ನೋಡಿದ್ದೇನೆ. ಅದರಿಂದ ದೂರು ಹಗುರಾಗುತ್ತದೆಯೇ ಹೊರತು ಮತ್ತೇನೂ ಆಗುವುದಿಲ್ಲ.

ದೂರಿನಲ್ಲಿ ಒಂದು ವಾಕ್ಯ ಮುಂಜಾಗ್ರತೆಗೆ ಹಾಕಿದ್ದೆ. ವ್ಯಾಪಾರದ ಉದ್ದೇಶಕ್ಕೆ ಕೊಂಡವನು ಗ್ರಾಹಕನೇ ಅಲ್ಲ ಅಂತ ಕಾಯ್ದೆಯಲ್ಲಿದೆ. ನಾನು ಅಂಗಡಿ ಇಟ್ಟವನು, ಫೋನನ್ನು ಅಲ್ಲಿ ಬಳಸುತ್ತೇನೆ. ಎದುರಿನವರು ಇದನ್ನು ಹಿಡಿದುಕೊಳ್ಳುತ್ತಾರೆ ಅಂತ ಗೊತ್ತಿತ್ತು. ಆದರೆ ಅದೇ ಕಲಂನ ವಿವರಣೆ, ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡು ನಡೆಸಲೆಂದೇ ಕೊಂಡು ಬಳಸುವುದು ವ್ಯಾಪಾರದ ಉದ್ದೇಶ ಅಲ್ಲ ಅನ್ನುತ್ತದೆ. "ನಾನೊಬ್ಬನೇ ನಡೆಸುವ ಅಂಗಡಿ, ಇದರಿಂದಲೇ ಜೀವನ" ಅಂತ ಬರೆದೆ. ಆಟೋ ಓಡಿಸುವವರು, ಟೈಲರಿಂಗ್ ಮಾಡುವವರು, ಮೀನು ಮಾರಲು ವಾಟ್ಸಾಪ್ ಗ್ರೂಪ್ ಮಾಡಿಕೊಂಡವರು ಎಲ್ಲರಿಗೂ ಇದು ಬೇಕಾಗುತ್ತದೆ. ಬಿಲ್ ಅಂಗಡಿಯ ಜಿಎಸ್‌ಟಿ ನಂಬರಿನಲ್ಲಿ ಇಲ್ಲದೆ ನಿಮ್ಮ ಹೆಸರಿನಲ್ಲೇ ಇದ್ದರೆ ಇನ್ನೂ ಒಳ್ಳೆಯದು.

ಬರೆಯಲು ಬಾರದವರು, ಒಬ್ಬರೇ ಹೋಗಲು ಅಂಜುವವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಅವರ ಸಹಾಯವಾಣಿ 15100. ಭಟ್ಕಳ, ಹಳಿಯಾಳದಂಥ ದೂರದವರು ವಿಡಿಯೋ ಮೂಲಕ ಹಾಜರಾಗಲು ಅನುಮತಿ ಕೇಳಬಹುದು, ಕಾಯ್ದೆಯಲ್ಲಿ ಅವಕಾಶ ಇದೆ.

ಆಯೋಗದ ನೋಟಿಸ್ ತಲುಪಿದ ಮೇಲೆ ಎದುರಿನವರು 30 ದಿನದೊಳಗೆ ಉತ್ತರ ಕೊಡಬೇಕು, ಜಾಸ್ತಿ ಅಂದರೆ ಇನ್ನೊಂದು 15 ದಿನ ಸಿಗುತ್ತದೆ. ಮಾಲನ್ನು ಲ್ಯಾಬಿಗೆ ಕಳಿಸುವ ಅಗತ್ಯ ಇಲ್ಲದಿದ್ದರೆ 3 ತಿಂಗಳು, ಇದ್ದರೆ 5 ತಿಂಗಳಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆ. ನಡೆಯುವಾಗ ಅಷ್ಟು ಬೇಗ ಆಗುತ್ತದೆ ಅಂತ ಲೆಕ್ಕ ಹಾಕಿ ಕೂರಬೇಡಿ.

ನನ್ನದು ಅಲ್ಲಿಯವರೆಗೆ ಹೋಗಲಿಲ್ಲ. ನೋಟಿಸ್ ಮುಟ್ಟಿದ ಕೂಡಲೇ ಇಷ್ಟು ದಿನ ಇಲ್ಲದ ಮ್ಯಾನೇಜರ್ ಫೋನ್ ಮಾಡಿದರು. ಮಾತು ಬಹಳ ಮೆತ್ತಗಾಗಿತ್ತು. ಹಣ ಕೊಡುತ್ತೇವೆ, ಆದರೆ ಶೇ 18ರ ಜಿಎಸ್‌ಟಿ ಕಳೆದು, ಅದು ಸರ್ಕಾರಕ್ಕೆ ಕಟ್ಟಾಯ್ತಲ್ಲ ಅಂದರು. ಇದಕ್ಕೂ ತಯಾರಿದ್ದೆ. ಮಾಲು ವಾಪಸ್ ಬಂದರೆ ಅಂಗಡಿಯವರು ಕ್ರೆಡಿಟ್ ನೋಟ್ (ಮಾಲು ವಾಪಸ್ ಬಂತು ಅಂತ ಬಿಲ್ಲಿನ ಮೊತ್ತ ಕಳೆಯುವ ಕಾಗದ) ಹಾಕಿ ಆ ತೆರಿಗೆಯನ್ನು ಸರಿಹೊಂದಿಸಿಕೊಳ್ಳಬಹುದು, ಕೇಂದ್ರ ಜಿಎಸ್‌ಟಿ ಕಾಯ್ದೆಯ 34ನೇ ಕಲಂನಲ್ಲೇ ಇದೆ. "ನಿಮ್ಮ ಅಕೌಂಟೆಂಟರನ್ನು ಕೇಳಿ ಸರ್, ಅವರಿಗೆ ಗೊತ್ತಿರ್ತದೆ" ಅಂದೆ. ಆ ಮಾತು ಮತ್ತೆ ಬರಲಿಲ್ಲ.

ಬಿಲ್ಲಿನ ಪೂರ್ತಿ ಹಣಕ್ಕೆ ಒಪ್ಪಿದರು. ಪರಿಹಾರದ ಮೊತ್ತ ನಾನು ಬಿಟ್ಟುಕೊಟ್ಟೆ. ಹೋರಾಡಿದ್ದರೆ ಸಿಗುತ್ತಿತ್ತೇನೋ, ಆದರೆ ಅಂಗಡಿಗೆ ಬಾಗಿಲು ಹಾಕಿ ಕಾರವಾರಕ್ಕೆ ಓಡಾಡುವ ಲೆಕ್ಕ ಹಾಕಿದರೆ ಅದು ನನಗೆ ಗಿಟ್ಟುತ್ತಿರಲಿಲ್ಲ. ಹಣ ಖಾತೆಗೆ ಬಂದ ಮೇಲೆಯೇ ಫೋನ್ ಕೊಟ್ಟೆ. ಬಾಕ್ಸ್, ಕೇಬಲ್, ಪಿನ್ ಎಲ್ಲ ಒಪ್ಪಿಸಿದ್ದಕ್ಕೆ ಸೀಲು ಹಾಕಿಸಿಕೊಂಡೆ. ರಾಜಿಯಾಗಿದೆ ಅಂತ ಇಬ್ಬರ ಸಹಿಯ ಮೆಮೊ ಆಯೋಗಕ್ಕೆ ಸಲ್ಲಿಸಿ ದೂರು ಮುಗಿಸಿದೆವು. ಹಣ ಕೈಗೆ ಬರುವ ಮುಂಚೆ "ದೂರು ವಾಪಸ್ ತಗೊಂಡುಬಿಡಿ, ಆಮೇಲೆ ಹಾಕ್ತೇವೆ" ಅಂದರೆ ಒಪ್ಪಬೇಡಿ. ಫೋನ್ ಕೊಡುವ ಹಿಂದಿನ ದಿನ ಫೋಟೋ, ನಂಬರ್‌ಗಳನ್ನೆಲ್ಲ ಬೇರೆ ಕಡೆ ಇಳಿಸಿ, ಯುಪಿಐ ಆ್ಯಪ್, ಗೂಗಲ್ ಖಾತೆ ತೆಗೆದು ಫ್ಯಾಕ್ಟರಿ ರೀಸೆಟ್ ಮಾಡಿದ್ದೆ.

ಕಂತಿನಲ್ಲಿ ಕೊಂಡವರಿಗೆ ಒಂದು ವಿಷಯ. ನಾನೂ ಅರ್ಧ ಹಣ ಕಂತಿನಲ್ಲೇ ಕಟ್ಟುತ್ತಿದ್ದೆ. ಫೋನ್ ಕೆಟ್ಟಿದೆ, ಜಗಳ ನಡೆಯುತ್ತಿದೆ ಅಂತ ಕಂತು ನಿಲ್ಲಿಸಬೇಡಿ. ಫೈನಾನ್ಸಿನವರ ಸಾಲ ಬೇರೆ, ಅಂಗಡಿಯ ವ್ಯವಹಾರ ಬೇರೆ. ಕಂತು ತಪ್ಪಿದರೆ ಸಿಬಿಲ್ ಸ್ಕೋರ್ ಬೀಳುವುದು ನಮ್ಮದು. ನಾನು ಕಟ್ಟುತ್ತಲೇ ಇದ್ದೆ, ಹಣ ಬಂದ ಮೇಲೆ ಉಳಿದದ್ದನ್ನು ಒಟ್ಟಿಗೆ ಕಟ್ಟಿ ಸಾಲ ಮುಚ್ಚಿದೆ. ಬಾಕಿ ಇಲ್ಲ ಅನ್ನುವ ಪತ್ರವನ್ನು ಕೇಳಿ ಪಡೆದು ಅದೇ ಫೈಲಿಗೆ ಸೇರಿಸಿದೆ. ಹಳೇ ಫೋನ್ ಎಕ್ಸ್‌ಚೇಂಜಿಗೆ ಕೊಟ್ಟವರು ಅದರ ಬೆಲೆಯೂ ಬಿಲ್ಲಿನಲ್ಲಿ ಬರೆದಿದೆಯಾ ಅಂತ ಕೊಳ್ಳುವಾಗಲೇ ನೋಡಿಕೊಳ್ಳಿ. ಬರೆಯದಿದ್ದರೆ ಹಣ ವಾಪಸ್ ಬರುವಾಗ ಅಷ್ಟು ಕಡಿಮೆಯೇ ಬರುತ್ತದೆ.